ಕುದುರೆ ತಾತನ ಅಂಗೈ

ಅವರ ಬಲ ಅಂಗೈ ಸದಾ ಬೆಚ್ಚಗಿರುತ್ತಿತ್ತು. ಬೂಸಾ, ಬೆಲ್ಲದ ವಾಸನೆ ಅದರ ಗೆರೆಗಳಲ್ಲೇ ಇಂಗಿಹೋಗಿತ್ತು. ನಂಜನಗೂಡಿನ ನನ್ನ ಅತ್ತೆಮನೆಯ ಹಿತ್ತಿಲ ಬೇಲಿಯಾಚೆ ಅವರ ಲಾಯ. ಕಪಿಲೆಯ ಮಂಜು ತೆಂಗಿನ ಬುಡಗಳಲ್ಲಿ ಇನ್ನೂ ತೂಕಡಿಸುತ್ತಿರುವಾಗ ಅವರು ಬಿಳಿ ಹೆಣ್ಣುಕುದುರೆಯ ಮುಂದೆ ಕೂತು, ಅದರ ಮಂಡಿಗೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಮಂಡಿ ಬಿಸಿಯಿದ್ದರೆ ಅಂದು ಓಟವಿಲ್ಲ, ಹೊಳೆಯ ನೀರಲ್ಲಿ ನಿಲ್ಲಿಸುವುದಷ್ಟೇ. ಪಾತ್ರೆ ತೊಳೆಯುತ್ತ ನಾನೂ ಕಾಯುತ್ತಿದ್ದೆ.

"ಕಾಲು ಮಾತಾಡ್ತದೆ ತಾಯಿ, ನಾವು ಬಾಯ್ ಮುಚ್ಕಂಡ್ ಕೇಳ್ಬೇಕು," ಅನ್ನುತ್ತಿದ್ದರು.

ಕುದುರೆ ಮೈಸೂರಿನ ಯಜಮಾನರದು. ಸಾಕುತ್ತಿದ್ದವರು ಇವರು, ನಮಗೆಲ್ಲ ಕುದುರೆ ತಾತ.

ಒಮ್ಮೆ ದೂರದ ಓಟದ ಪಂದ್ಯ ನಿಗದಿಯಾಯಿತು. ನಮ್ಮೂರ ನಾಲೆಯ ಏರಿ ಹಿಡಿದು, ತಿ. ನರಸೀಪುರ ದಾಟಿ, ತಲಕಾಡಿನ ಮರಳಿನವರೆಗೆ. ಡಾಕ್ಟರು ಎದೆಬಡಿತ, ಕಾಲು ನೋಡಿ ಒಪ್ಪಿದರಷ್ಟೇ ಕುದುರೆ ಹೊರಡಬೇಕು. ನಮ್ಮ ಕುದುರೆ ಬಲಗಾಲು ಕೊಂಚ ಎಳೆಯುತ್ತಿತ್ತು. ಯಜಮಾನರು ಕಾಲಿನ ಕೀಲಿಗೆಂದು ಒಂದು ಪುಡಿಯ ಡಬ್ಬ ಕಳಿಸಿ, ಓದಿಸಿಕೊಂಡು ಹಾಕು ಅಂದರು.

"ಕಾನ್ವೆಂಟ್ ಓದಿದ್ದೀರಲ್ಲ ತಾಯಿ, ಏನ್ ಬರ್ದವ್ರೆ ನೋಡಿ."

ನಾನು ದೊಡ್ಡಕ್ಷರದ್ದಷ್ಟೇ ಓದಿದೆ. "ಕೀಲಿನ ಟಾನಿಕ್ ತಾತ. ದಿನಾ ಎರಡು ಚಮಚ, ಧೈರ್ಯವಾಗಿ ಹಾಕಿ."

ಮೂರನೆಯ ದಿನ ಕುದುರೆ ನೆಲವೇ ಮುಟ್ಟದ ಹಾಗೆ ನಡೆಯಿತು. "ನಿಮ್ ಇಂಗ್ಲೀಸು ಕುದ್ರೆಗೂ ಅರ್ಥ ಆಯ್ತದೆ," ಎಂದು ತಾತ ನಕ್ಕರು. ಓದಿದವರು ಹೇಳಿದ ಮೇಲೆ ಇನ್ನೇನು ಎಂದು, ಆ ದಿನಗಳಲ್ಲಿ ಅವರು ಮಂಡಿಗೆ ಕೈಯಿಡಲಿಲ್ಲ.

ಓಟದ ಬೆಳಗ್ಗೆ ಖಾಲಿ ಡಬ್ಬವನ್ನು ಮೆಂತ್ಯ ತುಂಬಿಡಲೆಂದು ಇಸಿದುಕೊಂಡೆ. ತೊಳೆಯುವಾಗ ತಳಕ್ಕಂಟಿದ್ದ ಸಣ್ಣ ಚೀಟಿ ಬಿಚ್ಚಿ, ಅದರ ಸಣ್ಣಕ್ಷರ ಕಂಡಿತು: ನೋವು ತಗ್ಗಿಸುವ ಔಷಧಿಯೂ ಇದರಲ್ಲಿದೆ, ಸ್ಪರ್ಧೆಯ ಕುದುರೆಗೆ ಕೊಡಬಾರದು. ಒದ್ದೆ ಕೈಯಲ್ಲೇ ನಾಲೆಯ ಏರಿಯತ್ತ ಓಡಿದೆ.

ಡಾಕ್ಟರು ಆಗಲೇ ಕುದುರೆಯನ್ನು ಒಪ್ಪಿದ್ದರು. ನನ್ನ ಮಾತು ಕೇಳಿ ತಾತ ಮಂಡಿ ಮುಟ್ಟಿದರು. ಬಹಳ ಹೊತ್ತು.

"ನೋವು ಓಗಿಲ್ಲ ತಾಯಿ, ಮಲ್ಕಂಡದೆ. ಮರಳಲ್ಲಿ ಎದ್ರೆ ಕಾಲು ಮುರೀತದೆ."

ನೇರ ಡಾಕ್ಟರ ಬಳಿ ಹೋದರು. "ಇದನ್ನ ಬಿಡಬ್ಯಾಡಿ ಸಾ. ಔಸ್ದಿ ತಿಂದದೆ."

ಯಜಮಾನರ ಮುಖ ಕೆಂಪಾಯಿತು. "ಯಾರು ಓದಿದ್ದು ಡಬ್ಬಾನ?"

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ತಾತ ನನ್ನತ್ತ ತಿರುಗಲೇ ಇಲ್ಲ. "ಯಾರೂ ಇಲ್ಲ ಸಾ. ನಾನೇ ಅಂದಾಜ್ನಲ್ಲಿ ಹಾಕ್ದೆ."

ನಾನೂ ಬಾಯಿ ತೆರೆಯಲಿಲ್ಲ.

ಕುದುರೆ ಓಡಲಿಲ್ಲ. ಆ ವಾರವೇ ಯಜಮಾನರು ಅದನ್ನು ಮೈಸೂರಿಗೆ ಸಾಗಿಸಿದರು. ತಾತ ಖಾಲಿ ಲಾಯದ ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂರುತ್ತಿದ್ದರು. ಒಂದು ದಿನ ತಡೆಯಲಾರದೆ, "ಓದಿದ್ದು ನಾನು ಅಂತ ನೀವು ಹೇಳಬೇಕಿತ್ತು ತಾತ," ಅಂದೆ.

"ಓದಿದ್ದು ನೀವು ತಾಯಿ. ಕೈ ಇಡ್ದೆ ನಂಬಿದ್ದು ನಾನು."

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈಗ ಅತ್ತೆಯ ಮಂಡಿನೋವಿನ ಮಾತ್ರೆ ಬಂದರೆ ಚೀಟಿಯ ಎರಡೂ ಬದಿ ಓದುತ್ತೇನೆ. ಓದಿದ ಮೇಲೂ ಅತ್ತೆಯ ಮಂಡಿಗೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತೇನೆ.

"ನಾನೇನು ಓಟಕ್ಕೆ ಹೋಗ್ಬೇಕೇನೇ?" ಎಂದು ಅತ್ತೆ ನಗುತ್ತಾರೆ. ನಾನು ಅಂಗೈ ತೆಗೆಯುವುದಿಲ್ಲ. ಕೇಳುತ್ತಿರುತ್ತೇನೆ.