ಕೊಂಡದಲ್ಲಿ ಸಿಕ್ಕ ಮೊಳೆ

ಇನ್ನೇನು ಕೆಂಡಕ್ಕೆ ಕಾಲಿಡಬೇಕು, ಕೊಂಡ ಹರಡುತ್ತಿದ್ದ ಸಿದ್ದೇಗೌಡರು ನನ್ನ ರಟ್ಟೆ ಹಿಡಿದರು. "ತಡೀರಿ ಸಾ!"

ಅದು ನಲವತ್ತರ ದಶಕ. ನಾನು ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರು. ಇದ್ದಿಲು ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಬೇಗ ನಡೆದರೆ ಕಾಲು ಸುಡುವುದಿಲ್ಲ ಎಂದು ತೋರಿಸಲೆಂದೇ ಹಳೇಕೋಟೆಯ ಜಾತ್ರೆಯ ಕೊಂಡಕ್ಕೆ ಬಂದಿದ್ದೆ. ಕೊಂಡದ ಸೌದೆಗೆ ನಮ್ಮ ಮನೆಯ ಮುರುಕಲು ಗಾಡಿಯನ್ನೂ ಕೊಟ್ಟಿದ್ದೆ.

ಗೌಡರು ಕೋಲಿನಿಂದ ಕೆದಕಿ, ಕೆಂಪಗೆ ಕಾದ ಮೊಳೆಯೊಂದನ್ನು ಹೊರಗೆಳೆದರು. "ಕೆಂಡ ಬುಡ್ತದೆ ಸಾ, ಕಬ್ಬಿಣ ಬುಡಾಕಿಲ್ಲ. ಕೊಂಡಕ್ಕೆ ಗಾಡಿ ಮರ ಯಾವನ್ ಕೊಟ್ಟನೋ!"

ನಾನೇ ಎನ್ನಲು ಬಾಯಿ ಬರಲಿಲ್ಲ. ಅವರು ಪೂರ್ತಿ ಕೆದಕಿ ನೋಡಿದ ಮೇಲೆ ಹಾಯ್ದೆ. ಒಂದು ಬೊಬ್ಬೆಯೂ ಏಳಲಿಲ್ಲ. ಆರಿದ ಮೊಳೆಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ಆಮೇಲೆ ಪ್ರತಿವರ್ಷ ಉಷ್ಣವಾಹಕದ ಪಾಠದ ದಿನ ಆ ಮೊಳೆಯನ್ನು ಮೇಜಿನ ಮೇಲಿಟ್ಟು, ಗಾಡಿ ಯಾರದೆಂಬುದನ್ನೇ ಮೊದಲು ಹೇಳುತ್ತಿದ್ದೆ.