ಕೋಟೆ ಬಾಗಿಲಿನ ಮೆಣಸಿನ ವಡೆ

ಮೊನ್ನೆ ಭಾನುವಾರ ಬೆಳಿಗ್ಗೆ ಪೊಂಗಲ್‌ಗೆಂದು ತುಪ್ಪ ಕಾಯಿಸಿ, ಕುಟ್ಟಿದ ಕಾಳುಮೆಣಸು ಹಾಕಿದೆ. ಚಟಪಟ ಸಿಡಿದು ಘಮ್ಮೆಂದು ವಾಸನೆ ಎದ್ದಿತು. ಮೂಗಿಗೇರಿ ಎರಡು ಸೀನೂ ಬಂತು. ಐರ್ಲೆಂಡಿನ ಗಾಲ್ವೇಯ ಈ ಪುಟ್ಟ ಅಡುಗೆಮನೆಯಲ್ಲಿ ಕಿಟಕಿ ತೆಗೆದರೆ ಚಳಿಗಾಳಿ, ಮುಚ್ಚಿದರೆ ಸ್ಮೋಕ್ ಅಲಾರಂ. ಅವತ್ತು ಅಲಾರಂ ಕೂಗಲಿಲ್ಲ. ಬದಲಿಗೆ ನಮ್ಮ ಓನರ್ ಆಂಟಿ ನೆನಪಾದರು. ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ...

ಓನರ್ ಆಂಟಿ ಎಂದರೆ ನಾನು ಮೊದಲಿದ್ದ ಟಾಲಾ ಎಂಬ ಊರಿನಲ್ಲಿ ನನಗೆ ಮಹಡಿಯ ಮೇಲಿನ ರೂಮು ಕೊಟ್ಟಿದ್ದ ಐರಿಷ್ ಹೆಂಗಸು. ಎಪ್ಪತ್ತು ದಾಟಿದ್ದ ಒಂಟಿ ಜೀವ. ನಾನು ಮೈಸೂರಿನಿಂದ ಮಾಸ್ಟರ್ಸ್ ಓದಲು ಬಂದವಳು. ನಮ್ಮಲ್ಲಿ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಓನರ್ ಆಂಟಿಯೇ ತಾನೆ? ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ನಾನು ಹಾಗೆ ಹೇಳುವುದನ್ನು ಕೇಳಿಸಿಕೊಂಡು, "ಅದು ನಾನೇನಾ?" ಎಂದು ಕೇಳಿದರು. ಹೌದೆಂದೆ. ಆಮೇಲೆ ಬಾಗಿಲು ತಟ್ಟುವಾಗಲೆಲ್ಲ "ಓನರ್ ಆಂಟಿ ಬಂದಿದ್ದೀನಿ" ಎಂದು ತಾವೇ ಕೂಗತೊಡಗಿದರು. ಅವರು ಆಡುತ್ತಿದ್ದುದು ಇಂಗ್ಲಿಷನ್ನೇ. ನನ್ನ ನೆನಪಿನಲ್ಲಿ ಮಾತ್ರ ಅವರ ಮಾತೆಲ್ಲ ಕನ್ನಡದಲ್ಲೇ ಕೇಳಿಸುತ್ತದೆ, ಏನು ಮಾಡಲಿ.

ಪ್ರತಿ ಬೇಸಿಗೆಯಲ್ಲಿ ಎರಡು ದಿನ, ಊರಾಚೆಯ ಹಳೇ ಕೋಟೆಯೊಂದರ ಮೈದಾನದಲ್ಲಿ ಮೇಳ ನಡೆಯುತ್ತಿತ್ತು. ಐದಾರು ನೂರು ವರ್ಷ ಹಿಂದಿನ ಕಾಲವನ್ನು ಆಡಿ ತೋರಿಸುವ ಮೇಳ. ಬ್ಯಾಂಕಿನಲ್ಲಿ ಕೆಲಸ ಮಾಡುವವರು ಕಬ್ಬಿಣದ ಅಂಗಿ ತೊಟ್ಟು ಕತ್ತಿ ಹಿಡಿಯುತ್ತಾರೆ, ಟೀಚರುಗಳು ರಾಣಿಯರಾಗುತ್ತಾರೆ. ಕೋಟೆ ಬಾಗಿಲಿನ ಪಕ್ಕದಲ್ಲೇ ಓನರ್ ಆಂಟಿಯ ತಿಂಡಿ ಅಂಗಡಿ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಹಿಡಿದಿದ್ದ ಜಾಗವಂತೆ. ಗಂಡ ಹೋದಮೇಲೂ ಅವರು ಬಿಟ್ಟಿರಲಿಲ್ಲ. ಕಾವಲಿಯ ಮೇಲೆ ಆಲೂಗಡ್ಡೆ ರೊಟ್ಟಿ ಸುಟ್ಟು, ಬೆಣ್ಣೆ ಸವರಿ ಕೊಡುತ್ತಿದ್ದರು.

ಮೊದಲ ವರ್ಷ ನಾನು ಹೋದದ್ದು ಬರೀ ತಿನ್ನಲು. ಅಯ್ಯೋ, ಅಲ್ಲಿನ ತಿಂಡಿಯ ವೈಭವವೇ! ಓಟ್ಸ್ ಬಿಸ್ಕತ್ತು, ಜೇನು ಹಾಕಿದ ಕೇಕು, ಬ್ರೆಡ್ಡಿನ ಹೊಟ್ಟೆ ಕೊರೆದು ಅದರೊಳಗೇ ಸುರಿದುಕೊಡುವ ಬಿಸಿ ಬಾರ್ಲಿ ಗಂಜಿ. ಗಂಜಿ ಕುಡಿದ ಮೇಲೆ ಬಟ್ಟಲನ್ನೂ ತಿಂದುಬಿಡಬಹುದು, ತೊಳೆಯುವ ಕೆಲಸವೇ ಇಲ್ಲ! ಒಬ್ಬ ವೀರಯೋಧ ಒಂದು ಕೈಯಲ್ಲಿ ಗುರಾಣಿ, ಇನ್ನೊಂದು ಕೈಯಲ್ಲಿ ಮೊಳದುದ್ದದ ಟರ್ಕಿ ಕೋಳಿ ಕಾಲು ಹಿಡಿದು ಕಚ್ಚುತ್ತಾ ನನ್ನ ಮುಂದೆ ಹಾದುಹೋದ. ಸಸ್ಯಾಹಾರಿಯಾದ ನಾನು ಜೇನಿನ ಕೇಕು ನಾಲ್ಕು, ಆಂಟಿಯ ರೊಟ್ಟಿ ಐದು ತಿಂದು ಹುಲ್ಲಿನ ಮೇಲೆ ಉರುಳಿಕೊಂಡೆ.

ಎರಡನೇ ವರ್ಷ ಮೇಳಕ್ಕೆ ಹೊಸ ಮೇಲ್ವಿಚಾರಕರು ಬಂದರು. ರಿಟೈರ್ ಆದ ಚರಿತ್ರೆ ಮೇಷ್ಟ್ರು, ಮಹಾ ಶಿಸ್ತಿನ ಮನುಷ್ಯ. ಅಂಗಡಿಯವರಿಗೆಲ್ಲ ಅವರಿಂದ ಒಂದು ಕಾಗದ ಬಂತು: ಆ ಕಾಲದಲ್ಲಿ ಇಲ್ಲಿ ಇಲ್ಲದೇ ಇದ್ದದ್ದನ್ನು ಮಾರುವಂತಿಲ್ಲ. ಅಮೆರಿಕದಿಂದ ಆಮೇಲೆ ಬಂದ ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ, ಮೆಣಸಿನಕಾಯಿ, ಟರ್ಕಿ ಕೋಳಿ ಎಲ್ಲ ಬಂದ್. ಒಪ್ಪದವರ ಜಾಗ ಬೇರೆಯವರಿಗೆ.

ಓನರ್ ಆಂಟಿ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದರು. "ಐರ್ಲೆಂಡಲ್ಲಿ ಹುಟ್ಟಿ ಆಲೂಗಡ್ಡೆ ಬೇಡ ಅಂತಾನಲ್ಲ, ಇವನಿಗೇನು ಬಂದಿದೆ?"

ನಾನು ನಕ್ಕೆ. ಅವರು ನಗಲಿಲ್ಲ.

"ನನಗೆ ಬೇರೇನೂ ಮಾಡೋಕೆ ಬರಲ್ಲ ಕಣೇ," ಎಂದರು. "ಮೊಣಕಾಲು ಹೋಗಿದೆ, ಕಣ್ಣು ಹೋಗ್ತಾ ಇದೆ. ವರ್ಷಕ್ಕೆ ಎರಡು ದಿನ ಆ ಬಾಗಿಲ ಹತ್ರ ನಿಂತಾಗ ಮಾತ್ರ ನಾನೂ ಒಬ್ಬಳು ಮನುಷ್ಯಳು ಅನ್ಸುತ್ತೆ. ಆ ಜಾಗ ಹೋದ್ರೆ, ನಾನು ಈ ಕಿಟಕಿ ಪಕ್ಕ ಕೂತು ಬಸ್ಸು ನೋಡೋ ಮುದುಕಿ ಅಷ್ಟೇ."

ಜಂಬದ ಕೋಳಿ ನಾನು. ಹಿಂದೆಮುಂದೆ ನೋಡದೆ "ನಾನಿದ್ದೀನಿ, ನಮ್ಮ ಕಡೆ ತಿಂಡಿ ಮಾಡೋಣ ಬಿಡಿ" ಎಂದುಬಿಟ್ಟೆ. ರೂಮಿಗೆ ಹೋಗಿ ಪಟ್ಟಿ ಬರೆಯಲು ಕೂತಮೇಲೆ ಗೊತ್ತಾಯಿತು. ಬೋಂಡಾ ಎಂದರೆ ಆಲೂಗಡ್ಡೆ. ಪಲಾವಿಗೆ ಟೊಮೆಟೊ. ಬಜ್ಜಿಗೆ ಮೆಣಸಿನಕಾಯಿ. ಅಲ್ಲ, ಮೆಣಸಿನಕಾಯಿ ಅಮೆರಿಕದ್ದಂತೆ! ಬ್ಯಾಡಗಿ, ಗುಂಟೂರು ಎಂದು ನಾವು ಮೆರೆಯುವುದೆಲ್ಲ ಯಾರದೋ ಮನೆಯದು! ಅವಮಾನವೇ ಆಯಿತೆನ್ನಿ.

ಅಮ್ಮನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. "ಆಲೂಗಡ್ಡೆ ಹಾಕೋ ಹಾಗಿಲ್ಲ, ಟೊಮೆಟೊ ಇಲ್ಲ, ಮೆಣಸಿನಕಾಯಿ ಇಲ್ಲ. ಇನ್ನೇನು ಮಾಡ್ಲಿ ಹೇಳು?"

ಅಮ್ಮ ಯೋಚನೆಯನ್ನೇ ಮಾಡಲಿಲ್ಲ. "ಅದೇನೇ ಅದು, ತಿಥಿ ಅಡುಗೆ ಹೇಳ್ದಂಗೆ ಹೇಳ್ತಿದೀಯಾ?"

ನನಗೆ ಮೈ ಜುಮ್ಮೆಂದಿತು. ಹೌದಲ್ಲ! ನಮ್ಮ ಮನೆಯಲ್ಲಿ ತಾತನ ತಿಥಿಗೆ ಹೊರಗಿನಿಂದ ಬಂದ ತರಕಾರಿ ಒಂದನ್ನೂ ಸೇರಿಸುವುದಿಲ್ಲ. ಖಾರಕ್ಕೆ ಮೆಣಸಿನಕಾಯಿ ಇಲ್ಲ, ಬರೀ ಕಾಳುಮೆಣಸು. ಆ ಮೇಷ್ಟ್ರು ನಾಲ್ಕು ಪುಟದ ಕಾಗದದಲ್ಲಿ ಬರೆದದ್ದನ್ನು ನಮ್ಮಜ್ಜಿ ಯಾವ ಪುಸ್ತಕವನ್ನೂ ಓದದೆ ಜೀವನಪೂರ್ತಿ ಪಾಲಿಸಿಕೊಂಡು ಬಂದಿದ್ದಳು! ನಾನು ಹಾಸಿಗೆಯ ಮೇಲೆ ಕುಣಿದೆ. "ವಡೆ ಮಾಡ್ತೀನಮ್ಮ, ತಿಥಿ ವಡೆ!"

"ಬಿಡ್ತು ಅನ್ನು! ಜನ ಖುಷಿಯಾಗಿ ತಿನ್ನೋ ಕಡೆ ತಿಥಿ ವಡೆನಾ? ನಿನಗೆ ತಲೆ ಸರಿ ಇದೆಯಾ?" ಅಮ್ಮನಿಗೆ ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ. ಕೊನೆಗೆ ತಾನೇ ಒಂದು ದಾರಿ ಹುಡುಕಿದಳು. ನಮ್ಮಲ್ಲಿ ತಿಥಿಯ ವಡೆಗೆ ತೂತು ಮಾಡುವುದಿಲ್ಲ, ಹಬ್ಬದ ವಡೆಗೆ ಮಾಡುತ್ತೇವೆ. "ಒಂದೊಂದಕ್ಕೂ ಮರೀದೆ ತೂತು ಮಾಡು. ಆಗ ಹಬ್ಬದ್ದೇ ಆಗುತ್ತೆ. ಒಂದೂ ಬಿಡ್ಬೇಡ, ನನ್ನಾಣೆ."

ಉದ್ದು ಇಲ್ಲಿನದಲ್ಲ. ಹಾಗಾಗಿ ಇಲ್ಲಿಯವರು ಹಿಂದಿನ ಕಾಲದಿಂದ ತಿನ್ನುತ್ತಿದ್ದ ಒಣ ಬಟಾಣಿ ನೆನೆಹಾಕಿ ತರಿತರಿಯಾಗಿ ರುಬ್ಬಿದೆ. ರುಬ್ಬಿದ್ದು ಮಿಕ್ಸಿಯಲ್ಲಿ, ಈ ವಿಷಯ ಇವತ್ತಿನವರೆಗೆ ಹೊರಗೆ ಬಿಟ್ಟಿರಲಿಲ್ಲ. ಶುಂಠಿ, ಜೀರಿಗೆ, ಕುಟ್ಟಿದ ಮೆಣಸು, ಉಪ್ಪು. ಎಣ್ಣೆಯ ಬದಲು ಇಲ್ಲಿನ ಹಳದಿ ಬೆಣ್ಣೆ ಕಾಯಿಸಿ ತುಪ್ಪ ಮಾಡಿ, ಅದರಲ್ಲೇ ಕರಿದೆ. ತೂತಿನ ಕಥೆಯನ್ನೂ ತಿಥಿಯ ಕಥೆಯನ್ನೂ ಓನರ್ ಆಂಟಿಗೆ ಮುಚ್ಚಿಡದೆ ಹೇಳಿದೆ. ಬೇಜಾರು ಮಾಡಿಕೊಂಡಾರೇನೋ ಎಂಬ ಭಯವಿತ್ತು.

ಅವರು ಮೊದಲ ವಡೆ ಕಚ್ಚಿದರು. ಕಣ್ಣು ಮುಚ್ಚಿದರು. "ಸತ್ತವರೇ ಇದಕ್ಕೋಸ್ಕರ ವರ್ಷಾ ವರ್ಷಾ ಬರ್ತಾರೆ ಅಂದ್ರೆ, ಬದುಕಿರೋರು ಬಿಡ್ತಾರಾ?" ಎಂದು ಇನ್ನೊಂದಕ್ಕೆ ಕೈಹಾಕಿದರು. "ಗ್ರ್ಯಾಂಡ್!" ಚೆನ್ನಾಗಿದೆ, ಸರಿ, ಪರವಾಗಿಲ್ಲ, ಎಲ್ಲಕ್ಕೂ ಇಲ್ಲಿಯವರಿಗೆ ಇದೊಂದೇ ಮಾತು.

ಮೇಳದ ದಿನ ಬಾಗಿಲು ತೆರೆಯುವ ಮುಂಚೆ ಮೇಲ್ವಿಚಾರಕರು ಪಟ್ಟಿ ಹಿಡಿದು ಬಂದರು. ಆಂಟಿ ಬಿಳಿ ಟೊಪ್ಪಿಗೆ ಬಿಗಿದು, ಎದೆ ಸೆಟೆಸಿ ನಿಂತಿದ್ದರು. ಸೌದೆ ಒಲೆಯ ಮುಂದೆ ಹಳೇ ಸೀರೆಯನ್ನು ಮೇಲಂಗಿಯಂತೆ ಸುತ್ತಿಕೊಂಡು ನಾನು.

ಬಟಾಣಿ? ಸರಿ ಎಂದರು. ಬೆಣ್ಣೆ? ಸರಿ. ಶುಂಠಿ, ಜೀರಿಗೆಯೂ ಪಾಸು. ಮೆಣಸು ಎಂದಾಗ ಪೆನ್ನು ನಿಂತಿತು. "ಮೆಣಸು ಆಗ ಸಿಗ್ತಿತ್ತು, ನಿಜ. ಆದ್ರೆ ದೊಡ್ಡ ಪ್ರಭುಗಳ ಮನೇಲಿ ಮಾತ್ರ. ಬೀದಿ ಅಂಗಡಿಯವಳಿಗೆ ಅಷ್ಟು ಮೆಣಸು ಎಲ್ಲಿಂದ ಬಂತು?"

ಮುಗಿಯಿತು ಕಥೆ ಎಂದುಕೊಂಡೆ. ಆಗ ಓನರ್ ಆಂಟಿ ನನ್ನ ಹೆಗಲು ಹಿಡಿದು ಮುಂದಕ್ಕೆ ತಳ್ಳಿದರು.

"ಇಲ್ಲಿಂದ ಬಂತು. ಮೆಣಸಿನ ವ್ಯಾಪಾರಿ ಇವಳೇ. ಹಡಗು ಈಗ ತಾನೇ ಡನ್ ಲಿಯರಿ ಬಂದರಿಗೆ ಬಂದು ನಿಂತಿದೆ, ಬೇಕಿದ್ರೆ ಹೋಗಿ ನೋಡ್ಕೊಂಡು ಬಾ!"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿ, ಬಿಸಿ ವಡೆಯೊಂದನ್ನು ಚಾಚಿದೆ. ತಿಂದರು. ಇನ್ನೊಂದು ತೆಗೆದುಕೊಂಡರು. ಮೂರನೆಯದನ್ನು ಜೇಬಿಗಿಳಿಸಿ, ಪಟ್ಟಿಯಲ್ಲಿ ಗುರುತು ಹಾಕಿ ಹೊರಟುಹೋದರು.

ಆಮೇಲಿನದನ್ನು ಹೇಗೆ ಹೇಳಲಿ! ಹನ್ನೊಂದಕ್ಕೆ ಬಾಗಿಲು ತೆರೆದರೆ, ಹನ್ನೆರಡಕ್ಕೆ ಸಾಲು ಬಿಲ್ಲುಗಾರರು ಬಾಣ ಬಿಡುವ ಬಯಲಿನವರೆಗೆ ಹೋಗಿತ್ತು. ಯೋಧರು ಬಂದರು, ರಾಣಿಯರು ಬಂದರು. ಟರ್ಕಿ ಕಾಲು ಇಲ್ಲವೆಂದು ಮುಖ ಊದಿಸಿಕೊಂಡಿದ್ದ ಧಡಿಯನೊಬ್ಬ ಆರು ವಡೆ ನುಂಗಿ ಮತ್ತೆ ಸಾಲಿನ ಕೊನೆಗೆ ಓಡಿದ. ತೂತಿನೊಳಗೆ ಬೆರಳು ತೂರಿಸಿ ಉಂಗುರದಂತೆ ತೋರಿಸುತ್ತಾ ಮಂದಿ ಮೈದಾನ ಸುತ್ತಿದರು. ಆಂಟಿ ತೂತು ಮಾಡುವ ಕೆಲಸವನ್ನು ನನಗೆ ಬಿಟ್ಟುಕೊಡಲೇ ಇಲ್ಲ. ಹೆಬ್ಬೆರಳು ನೀರಿಗದ್ದಿ ಒತ್ತುತ್ತಾ, ಒತ್ತುತ್ತಾ, ಬಂದವರಿಗೆಲ್ಲ ಹಡಗಿನ ಕಥೆ ಹೇಳುತ್ತಿದ್ದರು. ಪ್ರತಿ ಸಲವೂ ಹಡಗು ಸ್ವಲ್ಪ ದೊಡ್ಡದಾಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಹಿಟ್ಟು ಖಾಲಿ. ಪಾತ್ರೆ ಬೋರಲು ಹಾಕಿ ಅದರ ಮೇಲೆ ಕೂತು ಅವರು ನಕ್ಕ ನಗು... ಇವತ್ತೂ ಕಿವಿಯಲ್ಲಿದೆ. "ಗೆದ್ವಿ ಕಣೇ!" ಎಂದು ನನ್ನ ಎರಡೂ ಕೆನ್ನೆ ಹಿಡಿದು ಜಗ್ಗಿದರು. ಕೆನ್ನೆಯೆಲ್ಲ ಬಟಾಣಿ ಹಿಟ್ಟು.

ಓದು ಮುಗಿಯಿತು. ಗಾಲ್ವೇಯಲ್ಲಿ ಕೆಲಸ ಸಿಕ್ಕಿತು, ಬಂದುಬಿಟ್ಟೆ. ಪ್ರತಿ ಬೇಸಿಗೆಗೂ ಮುಂಚೆ ಓನರ್ ಆಂಟಿ ಫೋನು ಮಾಡುತ್ತಿದ್ದರು. "ಬಟಾಣಿ ನೆನೆಹಾಕ್ತಿದೀನಿ, ಬರ್ತೀಯಾ?" ನಾನು ಒಂದು ವರ್ಷ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ ಎಂದೆ. ಇನ್ನೊಂದು ವರ್ಷ ಮನೆ ಬದಲಿಸುವುದಿತ್ತು. ಆಮೇಲೆ ಊರಿಗೆ ಹೋಗಿದ್ದೆ, ಆಮೇಲೆ... ನಾಲ್ಕು ಬೇಸಿಗೆ ಹೀಗೇ ಕಳೆಯಿತು. ಅವರು ಒಮ್ಮೆಯೂ ಬೇಜಾರು ಮಾಡಿಕೊಳ್ಳಲಿಲ್ಲ. "ಮುಂದಿನ ವರ್ಷ ಬಾ, ಗ್ರ್ಯಾಂಡ್" ಎನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತು, ಬರದೇ ಹೋದ ನಾಲ್ಕು ವರ್ಷಕ್ಕೆ ನನ್ನನ್ನೇ ನಾನು ಬೈದುಕೊಂಡೆ.

ಭಾನುವಾರ ಆ ಮೆಣಸಿನ ವಾಸನೆಗೆ ಮನಸ್ಸು ತಡೆಯಲಿಲ್ಲ. ಕೋಟೆ ಬಾಗಿಲಿನ ಆ ಜಾಗ ಈಗ ಯಾರಿಗೆ ಹೋಯಿತು ಎಂದಾದರೂ ತಿಳಿಯೋಣವೆಂದು ಮೇಲ್ವಿಚಾರಕ ಮೇಷ್ಟ್ರಿಗೆ ಫೋನು ಮಾಡಿದೆ. ನನ್ನ ಹೆಸರು ಹೇಳಿದೆ. ಆ ಕಡೆ ಕಾಗದ ಮಗುಚುವ ಸದ್ದು.

"ಯಾರಿಗೂ ಹೋಗಿಲ್ಲವಲ್ಲ. ಅದು ನಿಮ್ಮದೇ," ಎಂದರು.

ಅರ್ಥವಾಗದೆ ಮತ್ತೆ ಕೇಳಿದೆ. ವಡೆ ಮಾಡಿದ ವರ್ಷವೇ, ಮೇಳ ಮುಗಿದ ಸಂಜೆ, ಓನರ್ ಆಂಟಿ ಅವರ ಬಳಿಗೆ ಹೋಗಿ ಫಾರಂ ಬದಲಿಸಿದ್ದರಂತೆ. ಅಂಗಡಿಯವರು ಎಂಬಲ್ಲಿ ನನ್ನ ಹೆಸರು. ಸಹಾಯಕರು ಎಂಬಲ್ಲಿ ಅವರದು. ಪ್ರತಿ ವರ್ಷವೂ ಹಾಗೇ ಬರೆಸಿದ್ದರಂತೆ. ಅಂದರೆ ನಾನು ಬಾರದ ನಾಲ್ಕು ಬೇಸಿಗೆಯೂ ಅವರು ನನ್ನ ಅಂಗಡಿಗೆ ಆಳಾಗಿ ನಿಂತಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

"ಈ ವರ್ಷ ಬರ್ತೀರಾ?" ಎಂದು ಕೇಳಿದರು ಮೇಷ್ಟ್ರು.

"ಬರ್ತೀನಿ," ಎಂದೆ.

"ಸಹಾಯಕರು ಯಾರು ಅಂತ ಬರೀಲಿ?"

"ಅವರ ಹೆಸರೇ ಇರಲಿ."

"ಅದು ಆಗಲ್ಲ. ಸಹಾಯಕರು ಅನ್ನೋ ಕಡೆ ನಿಜವಾಗ್ಲೂ ಬರೋರ ಹೆಸರನ್ನ ಮಾತ್ರ ಬರೀಬೇಕು. ನಿಯಮ."

ನಾನು ಫೋನು ಇಡಲಿಲ್ಲ. ಆಮೇಲೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು.

"ಅವರ ಹೆಸರೇ ಬರೆದಿದ್ದೀನಿ," ಎಂದರು.