ನೀ ಮೊದಲು, ಆಮ್ಯಾಲ ನಾನು

ದವಾಖಾನಿಯ ಬಾಗಿಲಿಗೆ ಬಂದರೆ ಸಾಕು, ನನ್ನ ಬೇನೆ ಅಲ್ಲಿಗೇ ವಾಸಿಯಾಗುತ್ತದೆ. ಇದು ದೇವರ ಕೃಪೆಯಲ್ಲ, ಶುದ್ಧ ಅಂಜಿಕೆ. ಹಲ್ಲುನೋವೆಂದು ರಾತ್ರಿಯೆಲ್ಲ ಮನೆಮಂದಿಯ ನಿದ್ದೆ ಕೆಡಿಸಿದವಳು, ಡಾಕ್ಟರ ಕೈಯಲ್ಲಿ ಇಕ್ಕಳ ಕಂಡೊಡನೆ "ಈಗ ಆರಾಮ ಅದೀನ್ರಿ" ಎಂದು ಕುರ್ಚಿಯಿಂದ ಎದ್ದುಬಂದಿದ್ದೇನೆ. ನಮ್ಮ ಯಜಮಾನರು ಸೋಲಾಪುರದಲ್ಲಿ ಅರಿವೆ ಅಂಗಡಿ ನಡೆಸುವವರು. ಮೆಟ್ಟಿಲು ಹತ್ತಿದ ಗಿರಾಕಿ ಬರಿಗೈಯಲ್ಲಿ ಇಳಿದುಹೋದರೆ ಅವರ ಜೀವ ಮರುಗುತ್ತದೆ. "ಪಾಪ, ಡಾಕ್ಟರಿಗೂ ಹಂಗ ಆಗೂದಿಲ್ಲೇನ?" ಎಂದು ನನ್ನನ್ನು ಕಾಡುತ್ತಾರೆ.

ಹೋದ ವರ್ಷ ಒಂದು ಮುಂಜಾನೆ ಜಳಕ ಮಾಡುವಾಗ ಎಡ ಎದೆಯ ಮಗ್ಗುಲಲ್ಲಿ ಕೈಗೊಂದು ಗಂಟು ಹತ್ತಿತು. ಶೇಂಗಾ ಬೀಜದಷ್ಟು, ಬೆರಳು ತಾಗಿದರೆ ಸರಿಯುವಂಥದು. ಬಕೀಟು ತುಂಬಿ ನೀರು ಹೊರಗೆ ಹರಿಯುತ್ತಲೇ ಇತ್ತು, ನಾನು ತಂಬಿಗೆ ಹಿಡಿದು ನಿಂತೇ ಇದ್ದೆ. ನನ್ನ ದೊಡ್ಡವ್ವ ಇಂಥದೇ ಒಂದು ಗಂಟನ್ನು ಸೆರಗಿನೊಳಗೆ ಎರಡು ವರ್ಷ ಮುಚ್ಚಿಟ್ಟುಕೊಂಡು ತೀರಿಹೋಗಿದ್ದಳು. ಅದರಿಂದ ನಾನು ಕಲಿತದ್ದೇನು? ನಾನೂ ಮುಚ್ಚಿಟ್ಟೆ.

ಮೂರು ತಿಂಗಳು. ದಿನಾ ಬೆಳಗ್ಗೆ ಬೆರಳಿನಿಂದ ಅಳೆಯುವುದು, ನಿನ್ನೆಗಿಂತ ದೊಡ್ಡದಾಯಿತೇ ಎಂದು ಮತ್ತೆ ಅಳೆಯುವುದು. ಊಟ ಸೇರದು. ಯಾರಾದರೂ "ಯಾಕ ಸೊರಗೀದಿ?" ಎಂದರೆ ಸೆರಗು ಎಳೆದುಕೊಳ್ಳುವುದು. ಒಮ್ಮೆ ಧೈರ್ಯ ಮಾಡಿ ಔಷಧಿ ಅಂಗಡಿಗೆ ಹೋದೆ. "ಮುಲಾಮು ಎಲ್ಲಿಗೆ ಬೇಕ್ರಿ?" ಎಂದು ಅಂಗಡಿಯವನು ಕೇಳಿದ. "ಬೆನ್ನಿಗೆ" ಅಂದುಬಿಟ್ಟೆ. ಅವನು ಕೊಟ್ಟ ಬೆನ್ನುನೋವಿನ ಮುಲಾಮನ್ನು ಹಚ್ಚಬಾರದ ಕಡೆ ಹಚ್ಚಿಕೊಂಡು ಎರಡು ದಿನ ಉರಿಯಲ್ಲಿ ಒದ್ದಾಡಿದೆ. ಆಮೇಲೆ ತವರಿಗೆಂದು ಅಕ್ಕಲಕೋಟಕ್ಕೆ ಹೋದಾಗ ಗುಡಿಯಲ್ಲಿ ಕೈಮುಗಿದು ನಿಂತೆ. ಹಿಂದೆ ಸಾಲು ದೊಡ್ಡದಿತ್ತು. ದೇವರ ಮುಂದೆಯೂ ಆ ಜಾಗದ ಹೆಸರು ಬಾಯಿಗೆ ಬರಲಿಲ್ಲ. "ಅಲ್ಲೊಂದು ಆಗೇದ, ಕರಗಸಪ್ಪಾ" ಎಂದೆ. ಅಷ್ಟು ಮಂದಿ ಭಕ್ತರ ನಡುವೆ 'ಅಲ್ಲಿ' ಎಂದರೆ ಎಲ್ಲಿ ಎಂದು ಅವನಾದರೂ ಹೇಗೆ ತಿಳಿದಾನು?

ವಿಜಾಪುರ ರಸ್ತೆಯಿಂದ ಒಳಗೆ ತಿರುಗುವ ನಮ್ಮ ಗಲ್ಲಿಯಲ್ಲಿ ನಾಲ್ಕು ಭಾಷೆಯ ಮನೆಗಳಿವೆ, ನಾಲ್ಕಕ್ಕೂ ಹೆಚ್ಚು ದವಾಖಾನಿಯ ದಾರಿಗಳಿವೆ. ಮಗ್ಗದ ಕೆಲಸದವರು ನಸುಕಿನಲ್ಲೇ ರೊಟ್ಟಿ ಕಟ್ಟಿಕೊಂಡು ಸರಕಾರಿ ದವಾಖಾನಿಯ ಸಾಲಿಗೆ ಹೋಗುತ್ತಾರೆ. ನಮ್ಮಂಥ ಅಂಗಡಿ ಮನೆಯವರು ಗಾಜಿನ ಬಾಗಿಲಿನ ದವಾಖಾನಿಗೆ ಹೋಗುತ್ತೇವೆ. ಆದರೆ ಗಾಜಿನ ಬಾಗಿಲನ್ನೂ ನೂಕಿಯೇ ಒಳಗೆ ಹೋಗಬೇಕಲ್ಲ, ಆ ಬಲ ನನ್ನ ಕೈಯಲ್ಲಿರಲಿಲ್ಲ. ಇನ್ನೊಂದು ತೊಡಕು ಭಾಷೆಯದು. ನಮ್ಮ ಕನ್ನಡದಲ್ಲಿ ತಲೆ ನೂಸುತ್ತದೆ, ಹೊಟ್ಟೆ ಕಡಿಯುತ್ತದೆ, ಕಾಲು ಹರಿಯುತ್ತವೆ, ಸೊಂಟ ಹಿಡಿಯುತ್ತದೆ. ನನ್ನ ಮರಾಠಿಯಲ್ಲಿ ಎಲ್ಲವೂ 'ದುಖತಯ್' ಒಂದೇ. ಸಂತೆಗೆ, ಜಗಳಕ್ಕೆ ಸಾಕಾಗುವಷ್ಟು ಮರಾಠಿ ನನಗೆ ಬರುತ್ತದೆ. ಆದರೆ ಅಂಜಿಕೆಯನ್ನು ಹೇಳಿಕೊಳ್ಳುವಷ್ಟು ಬರುವುದಿಲ್ಲ.

ಗುಟ್ಟು ಹೊರಬಿದ್ದದ್ದು ರೆಹಾನಾಳ ಹೊಲಿಗೆ ಮಷೀನಿನ ಮುಂದೆ. ಎರಡು ಮನೆಯಾಚೆ ಇರುವ ರೆಹಾನಾ ಇಡೀ ಗಲ್ಲಿಗೆ ಜಂಪರ ಹೊಲಿಯುವವಳು. ನನಗಿಂತ ಏಳೆಂಟು ವರ್ಷ ಸಣ್ಣವಳು. ಕನ್ನಡ ಮಾತಾಡುವ ಹೋಟಗಿಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡ ನನ್ನದಕ್ಕಿಂತ ಖಡಕ್ಕು. ಹೊಸ ಜಂಪರದ ಎಡಗಡೆ ಒಂದಿಷ್ಟು ಸಡಿಲ ಬಿಡು ಎಂದೆ.

"ಒಂದ ಕಡೆ ಯಾಕ್ರಿ ವೈನಿ?"

ಏನಾದರೊಂದು ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಅಳು. ಅವಳು ಎದ್ದು ಬಾಗಿಲು ಮುಂದೆ ಮಾಡಿದಳು, ಕೊರಳಿನ ಟೇಪು ತೆಗೆದಿಟ್ಟಳು.

"ಎಷ್ಟ ದಿನಾ ಆತು?"

"ಮೂರು ತಿಂಗಳು. ಯಾರಿಗೂ ಹೇಳಬ್ಯಾಡ ಮಾರಾಯ್ತಿ."

"ಹೇಳೂದಿಲ್ಲ. ಆದ್ರ ನಾಳಿ ಹೋಗೂಣು."

ಅತ್ತೆಯ ಬೇನೆಗಾಗಿ ವರ್ಷಗಟ್ಟಲೆ ಓಡಾಡಿದ್ದ ರೆಹಾನಾಳಿಗೆ ಸರಕಾರಿ ದೊಡ್ಡ ದವಾಖಾನಿಯ ಕಿಟಕಿ ಕಿಟಕಿಯೂ ಗೊತ್ತು. ಹೆಸರು ಬರೆಸಿ ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು, ಯಾವ ಬಾಗಿಲ ಮುಂದೆ ಕೂಡಬೇಕು ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತಾಳೆ. ಮರುದಿನ ನಾನು ಅವಳ ಬುರ್ಖಾದ ತುದಿ ಹಿಡಿದುಕೊಂಡು ಕೂಸಿನಂತೆ ಹಿಂದೆ ನಡೆದೆ. ತಪಾಸಣೆಯ ಕೋಣೆಯ ತನಕ ಬಂದಾಯಿತು. ಅಲ್ಲಿ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ.

"ನಾ ಒಳಗ ಹೋಗಂಗಿಲ್ಲ."

"ವೈನಿ, ಇಷ್ಟು ಬಂದೀವಿ."

"ಹಂಗಾದ್ರ ನೀ ಮೊದಲು ಮಾಡಸ್ಕೋ. ಆಮ್ಯಾಲ ನಾನು."

"ನನಗೇನಾಗೇತ್ರಿ? ಗಟ್ಟಿಮುಟ್ಟ ಅದೀನಿ."

"ಅದಕ್ಕ ಅಂದೆ."

ಅವಳು ನಕ್ಕಳು. ಹಠ ಹಿಡಿದ ಮಗುವಿಗೆ ಔಷಧಿ ಕುಡಿಸಲು ತಾಯಿ ತಾನೊಂದು ಗುಟುಕು ಕುಡಿಯುತ್ತಾಳಲ್ಲ, ಹಾಗೆ ತನ್ನ ಹೆಸರಿಗೂ ಒಂದು ಕೇಸ್ ಪೇಪರ್ ಮಾಡಿಸಿ ಒಳಗೆ ಹೋದಳು. ಬಂದು, "ಸ್ವಲ್ಪ ಒತ್ತತಾರ, ಅಷ್ಟ. ನಡೀರಿ ಇನ್ನ" ಎಂದಳು.

ನನಗಿನ್ನು ನೆಪ ಉಳಿಯಲಿಲ್ಲ. ಒಳಗಿದ್ದವರು ಸಣ್ಣ ವಯಸ್ಸಿನ ಡಾಕ್ಟರಬಾಯಿ. ದುಖತಯ್ ಕಾ ಎಂದು ಕೇಳಿದರು. ನೋವಿಲ್ಲವೆಂದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಹೌದೆಂದೂ ಅಂದೆ, ಇಲ್ಲವೆಂದೂ ಅಂದೆ. ಮಷೀನಿನಲ್ಲಿ ಒತ್ತಿ ಎದೆಯ ಫೋಟೋ ತೆಗೆದದ್ದಾಯಿತು. ಸೂಜಿ ಚುಚ್ಚಿದರು. ನಾನು ಕಣ್ಣು ಬಿಗಿಹಿಡಿದು ದೊಡ್ಡವ್ವನನ್ನು ನೆನೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಡಾಕ್ಟರಬಾಯಿ ಭುಜ ತಟ್ಟಿ, ಬರೀ ನೀರಿನ ಗಂಟು, ತೆಗೆದಾಯಿತು, ಏಳಿ ಎಂದರು. ಮೂರು ತಿಂಗಳು ನನ್ನ ಅನ್ನ ಕಸಿದುಕೊಂಡದ್ದು ಸಿರಿಂಜಿನಲ್ಲಿ ನಾಲ್ಕು ಹನಿ ನೀರಾಗಿ ನಿಂತಿತ್ತು.

ನಗುನಗುತ್ತ ಹೊರಗೆ ಓಡಿಬಂದೆ. ರೆಹಾನಾ ಹೊರಗಿನ ಕೂಡುವ ಬಾಕಿನ ಮೇಲಿರಲಿಲ್ಲ. ಬಹಳ ಹೊತ್ತಿನ ಮೇಲೆ ಇನ್ನೊಂದು ಕೋಣೆಯಿಂದ ಹೊರಬಂದಳು.

"ಹೊಳ್ಳಿ ಕರದು ಮತ್ತೊಮ್ಮಿ ಫೋಟೋ ತಗದ್ರು ವೈನಿ. ಸೂಜಿನೂ ಹಾಕ್ಯಾರ. ರಿಪೋರ್ಟಿಗೆ ಮುಂದಿನ ವಾರ ಬಾ ಅಂದಾರ."

ನನ್ನ ನಗು ತಟ್ಟನೆ ಮುಖದಿಂದ ಇಳಿಯಲಿಲ್ಲ. ಒಂದು ಗಳಿಗೆ ಅದು ಅಲ್ಲೇ ಉಳಿಯಿತು, ಅವಳು ಅದನ್ನು ನೋಡಿದಳು. ಆ ಒಂದು ಗಳಿಗೆಯನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಆ ವಾರ ನಾನು ಪಟ್ಟ ಅಂಜಿಕೆಯ ಮುಂದೆ ಹಿಂದಿನ ಮೂರು ತಿಂಗಳು ಏನೂ ಅಲ್ಲ. ನನ್ನ ಬೇನೆಯನ್ನು ಅವಳ ಮೇಲೆ ಇಳಿಸಿಬಂದೆನೇನೋ ಎಂಬಂತಿತ್ತು. ದಿನಾ ಅವಳ ಮನೆಗೆ ಹೋಗುವುದು, ಮಷೀನು ನಡೆಯುತ್ತಿದೆಯೇ ಎಂದು ಬಾಗಿಲಲ್ಲೇ ಕಿವಿಗೊಡುವುದು. ಸದ್ದು ನಿಂತರೆ ಒಳಗೆ ಓಡುವುದು. ಅವಳು ಮಾತ್ರ ಜಂಪರ ಹೊಲಿಯುತ್ತಲೇ ಇದ್ದಳು. ಹೊಲಿಗೆ ಸೊಟ್ಟ ಹೋಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ರಿಪೋರ್ಟು ನಾವು ಅಂಜಿದ ಹಾಗೆಯೇ ಬಂತು. ಕೈಗೆ ಸಿಗದಷ್ಟು ಸಣ್ಣ ಗಂಟು, ಆದರೆ ನೀರಿನದಲ್ಲ. "ಲವಕರ ಆಲಾತ" ಎಂದರು ಡಾಕ್ಟರಬಾಯಿ. ಬೇಗ ಬಂದಿರಿ ಎಂದು. ಬೇಗ ಬಂದವಳು ಏನೂ ತಿಳಿಯದೆ ಬಂದಿದ್ದಳು. ತಿಳಿದೂ ತಡಮಾಡಿದವಳು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಆಪರೇಷನ್ ಆಯಿತು. ಅವಳ ಗಂಡ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಬಣ್ಣದ ಕಾರ್ಖಾನೆಯ ಕೆಲಸಗಾರ, ಮಾತು ಕಡಿಮೆ. ಒಂದು ಸಂಜೆ ಆತ ನಮ್ಮ ಬಾಗಿಲಿಗೆ ಬಂದಾಗ, ನಿಮ್ಮಿಂದಲೇ ಹೀಗಾಯಿತು ಎನ್ನುತ್ತಾನೆಂದು ಒಳಕೋಣೆಯಲ್ಲಿ ಅಡಗಲು ಹೋಗಿದ್ದೆ. ಯಜಮಾನರು ಕರೆದರು. ಆತ ಬಣ್ಣ ಹತ್ತಿದ ಕೈ ನೋಡಿಕೊಳ್ಳುತ್ತ ಹೇಳಿದ, "ವೈನಿ, ನೀವು ಅಂಜದಿದ್ರ ಈಕಿ ತಪಾಸ ಮಾಡಸ್ಕೋತಿದ್ದಿಲ್ಲ." ಅಂಜುಬುರುಕಿಯಾಗಿ ಐವತ್ನಾಲ್ಕು ವರ್ಷ ಬಾಳಿದವಳಿಗೆ ಸಿಕ್ಕ ಒಂದೇ ಒಂದು ಶಹಭಾಸ್. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಚಹಾ ಮಾಡಲು ಒಳಗೆ ಹೋದೆ.

ಈಗ ರೆಹಾನಾ ಹುಷಾರಾಗಿದ್ದಾಳೆ, ಔಷಧಿಗೆ ಉದುರಿದ ಕೂದಲು ಮತ್ತೆ ಬಂದಿದೆ. ತಪಾಸಣೆಗೆ ಹೋಗುವಾಗಲೆಲ್ಲ ನಾನು ಜೊತೆಗಿರುತ್ತೇನೆ, ನನ್ನದನ್ನೂ ಮಾಡಿಸಿಕೊಂಡೇ ಬರುತ್ತೇನೆ. ಅಂಜಿಕೆ ಹೋಗಿದೆ ಎಂದರೆ ನೀವು ನಂಬಬೇಡಿ. ಹೋದ ವಾರವೂ ಅವಳ ಬುರ್ಖಾದ ತುದಿ ಹಿಡಿದೇ ಹೋಗಿದ್ದೆ. ನಾವು ಕೂತ ಬಾಕಿನ ಹತ್ತಿರ ಒಬ್ಬ ಹೆಂಗಸು ಕಾಗದದ ಸುರುಳಿ ಹಿಡಿದು, ಕೂಡದೆ ನಿಂತಿದ್ದಳು. ಬೆರಳಿಗೆ ಹತ್ತಿದ ತಂಬಾಕು ನೋಡಿದರೆ ಬೀಡಿ ಕಟ್ಟುವವಳು. ನಮ್ಮಿಬ್ಬರನ್ನೂ ನೋಡಿ ತೆಲುಗು ಬೆರೆತ ಮರಾಠಿಯಲ್ಲಿ, ನಿಮಗೆ ಅಂಜಿಕೆ ಆಗುವುದಿಲ್ಲವೇ ಎಂದು ಕೇಳಿದಳು.

ರೆಹಾನಾ ನನ್ನ ಮುಖ ನೋಡಿದಳು. ಧೈರ್ಯದ ಮಾತು ನನಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. "ಆಗತದ, ಬಾಳ ಆಗತದ" ಎಂದು ಕನ್ನಡದಲ್ಲೇ ಅಂದೆ. ಅದೇನು ತಿಳಿಯಿತೋ, ಅವಳ ಬಿಗಿದ ಭುಜ ಒಂದಿಷ್ಟು ಇಳಿಯಿತು. ನಾನು ಸರಿದೆ, ರೆಹಾನಾ ಸರಿದಳು, ಇಬ್ಬರ ಬಾಕಿನ ಮೇಲೆ ಮೂವರು ಒತ್ತಿಕೊಂಡು ಕೂತೆವು.